ಊರೆಲ್ಲೆಯೂ ಹೊಲದ ಬೆಲೆಯೂ: ಬೀದರ ಸೀಮೆಯನ್ನು ಕುರಿತ ಒಂದು ಚಾರಿತ್ರಿಕ ವಿಚಾರ

ಎಲ್ಲೆ, ಮೇರೆ, ಸೀಮೆ, ಹದ್ದು ಎಂಬ ಮಾತುಗಳು ಕನ್ನಡದಲ್ಲಿ ಹೆಚ್ಚು ಕಡಮೆ ಒಂದೇ ಅರ್ಥದಲ್ಲಿ ಬಳಕೆಯಲ್ಲಿವೆ. ಎಲ್ಲೆಯೆಂಬುದು ಅಚ್ಚಗನ್ನಡದ ಮಾತು; ಸೀಮೆಯು ಸಂಸ್ಕೃತದಿಂದ ಬಂದುದು; ಹದ್ದು ಅರಬ್ಬಿಯ ಮಾತಾಗಿ, ಆಡಳಿತದ ದಫ್ತರಗಳ ದಾರಿಯಿಂದ ಹಳ್ಳಿಯನ್ನು ಹೊಕ್ಕುದು. ಭೂಮಾಪಕನು ಹೊಲದ ಮೇರೆಯನ್ನು ಗೊತ್ತುಮಾಡಿಕೊಡುವ ಕೆಲಸಕ್ಕೆ ಇಂದಿಗೂ ‘ಹದ್ದುಬಸ್ತು’ ಎಂದೇ ಹೆಸರು. ವಿಜಯದಶಮಿಯ ದಿನ ಊರವರು ಬನ್ನಿಗಾಗಿ ಊರ ಹೊರಗೆ ಹೋಗುವುದನ್ನು ‘ಸೀಮೋಲ್ಲಂಘನ’ವೆನ್ನುವರು. ಎಲ್ಲೆಯನ್ನು ವರ್ಷಕ್ಕೊಮ್ಮೆ ದಾಟುವುದೇ ಒಂದು ಹಬ್ಬವಾಗಿರಬೇಕಾದರೆ ಉಳಿದ ದಿನಗಳಲ್ಲಿ ಆ ಎಲ್ಲೆಗೆ ಎಷ್ಟು ಬಲವಿದ್ದಿತೆಂಬುದನ್ನು ಊಹಿಸಬಹುದು.

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿಗೆ ಸೇರಿದ ದುಬಲಗುಂಡಿಯು ಒಂದು ಹೋಬಳಿಯ ಮುಖ್ಯಸ್ಥಳ. ಜೋಳ, ತೊಗರಿ, ಕಡಲೆಗಳೂ ನೀರಿರುವೆಡೆಯಲ್ಲಿ ಕಬ್ಬೂ ಬೆಳೆಯುವ ಸೀಮೆ ಅದು. ಇಂತಹ ಊರಿನಲ್ಲಿ ಒಂದು ಬದುವಿನ ಈಚೆಯೂ ಆಚೆಯೂ ನೆಲಕ್ಕೆ ಬೆಲೆಕಟ್ಟುವ ರೀತಿಯೇ ಬೇರೆಯಾಗಿರುತ್ತದೆ. ಈಚೆಯ ನೆಲವನ್ನು ಅಡಿಯ ಲೆಕ್ಕದಲ್ಲಿ ಕೊಳ್ಳುವರು. ಆಚೆಯದನ್ನು ಎಕರೆಯ ಲೆಕ್ಕದಲ್ಲಿ. ಮಣ್ಣು ಒಂದೇ, ಮಳೆ ಒಂದೇ, ದಾರಿಯೂ ಒಂದೇ. ಬೇರೆಯಾಗಿರುವುದು ದಫ್ತರದ ನಕ್ಷೆಯಲ್ಲಿಯ ಒಂದು ಗೆರೆ ಮಾತ್ರ. ಆ ಗೆರೆಯು ಯಾವ ಉದ್ದೇಶದಿಂದ ಹುಟ್ಟಿತು, ಕಾಲಕಾಲಕ್ಕೆ ಅದರ ಉದ್ದೇಶವು ಹೇಗೆ ಮಾರ್ಪಟ್ಟಿತು, ಅದರಿಂದ ನೆಲದೊಡೆಯನಿಗೆ ಒದಗಿದ ಲಾಭನಷ್ಟಗಳಾವುವು ಎಂಬುದೇ ಪ್ರಕೃತ ವಿಚಾರದ ವಿಷಯ.

೧. ಶಿಲಾಶಾಸನಗಳ ಕಾಲ

ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಮೇಲೆ ಈ ಸೀಮೆಯು ಚಾಲುಕ್ಯ ರಾಜ್ಯದ ನಡುನಾಡಾಯಿತು. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯವೂ ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದ ದೇವಾಲಯವೂ ಆ ವೈಭವದ ಸಾಕ್ಷಿಗಳಾಗಿ ನಿಂತಿವೆ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿಯು ಎದ್ದು ಕಾಣುತ್ತದೆ. ದೇವರಿಗೆ ಬಿಟ್ಟ ಉಳುವ ನೆಲವನ್ನು ಮತ್ತರು, ಕಮ್ಮಗಳ ಲೆಕ್ಕದಲ್ಲಿ ಹೇಳಿರುತ್ತಾರೆ. ಮನೆಯ ನಿವೇಶನವನ್ನು ಅದರೊಡನೆ ಸೇರಿಸದೆ ಕೈಯಳತೆಯಲ್ಲಿ ಬೇರೆಯಾಗಿ ಹೇಳಿರುತ್ತಾರೆ. ಹೂದೋಟ, ಗಾಣ, ಅಂಗಡಿಗಳೂ ಬೇರೆ ಬೇರೆ ಬಾಬುಗಳು. ಬಿಟ್ಟ ನೆಲಕ್ಕೆ ಚತುಸ್ಸೀಮೆಯನ್ನು ವಿವರಿಸಿ, ಮೂಲೆಗಳಲ್ಲಿ ಲಿಂಗಮುದ್ರೆಯ ಕಲ್ಲುಗಳನ್ನು ನೆಡುವ ವಾಡಿಕೆಯೂ ಉಂಟು.

ಇದರಿಂದ ತಿಳಿದುಬರುವುದೇನೆಂದರೆ, ವಾಸದ ನೆಲವೂ ಉಳುವ ನೆಲವೂ ಎರಡು ಜಾತಿಯವೆಂಬ ಭಾವನೆಯು ಇತ್ತೀಚಿನ ಕಾನೂನುಗಳಿಂದ ಹುಟ್ಟಿದುದಲ್ಲ. ಆದರೆ ಆ ಕಲ್ಲುಗಳು ಯಾರಿಗೆ ಯಾವ ನೆಲದ ಹುಟ್ಟುವಳಿ ಸಲ್ಲತಕ್ಕದ್ದೆಂಬುದನ್ನು ಹೇಳುತ್ತಿದ್ದುವು; ಊರು ಇಲ್ಲಿಂದ ಮುಂದೆ ಬೆಳೆಯಕೂಡದೆಂದು ಹೇಳುತ್ತಿರಲಿಲ್ಲ. ಈ ಭೇದವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.

೨. ಕೋಟೆಗೋಡೆಯ ಎಲ್ಲೆ

ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿಯ ಅಹಮದ ಶಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಕೋಟೆಯಲ್ಲದೆ ಪಟ್ಟಣಕ್ಕೂ ಗೋಡೆಯಾಯಿತು. ಶಹಾಗಂಜ, ಫತೇ, ಮಂಗಲಪೇಟೆ ಮೊದಲಾದ ದರವಾಜೆಗಳ ಹೆಸರು ಇಂದಿಗೂ ಜನರ ಬಾಯಲ್ಲಿವೆ. ಈ ಗೋಡೆಯು ಕಣ್ಣಿಗೆ ಕಾಣುವ ಊರೆಲ್ಲೆ. ಇದರ ಉದ್ದೇಶವು ರಕ್ಷಣೆ. ಗೋಡೆಯ ಹೊರಗೆ ಹೊಲಗಳೂ ತೋಟಗಳೂ ಇದ್ದುವು. ಹೊರಗಿನ ನೌಬಾದದ ನೆಲದಡಿಯಲ್ಲಿ ನೀರನ್ನು ಹರಿಯಿಸುವುದಕ್ಕಾಗಿ ತೋಡಿದ ‘ಕರೇಜ’ವೆಂಬ ಸುರಂಗವಿದ್ದಿತು. ನೆಲದ ಮೇಲೆ ಅಲ್ಲಲ್ಲಿ ಅದಕ್ಕೆ ಬಾವಿಯಂತಹ ಗಾಳಿಗಿಂಡಿಗಳುಂಟು. ಅವುಗಳ ಮೇಲೆ ಮನೆಗಳೆದ್ದರೆ ಕೆಳಗಿನ ನೀರಿನ ದಾರಿ ಕೆಡುವುದು. ಎಲ್ಲೆಯ ಹೊರಗಿನ ನೆಲವು ಬರಿಯ ಬಯಲಲ್ಲ, ಒಳಗಿನವರ ಬಾಳಿಗೆ ಆಧಾರವಾದುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ. ಎಲ್ಲೆಯನ್ನು ಹಾಕುವುದೇ ಅನ್ಯಾಯವೆಂದು ವಾದಿಸುವವರು ಈ ಸುರಂಗವನ್ನು ಒಮ್ಮೆ ನೋಡತಕ್ಕದ್ದು.

ಕಾಲವು ಉರುಳಿದಂತೆ ಗೋಡೆಯ ಸಂಬಂಧವು ತಲೆಕೆಳಗಾಯಿತು. ಹಿಂದೆ ಗೋಡೆಯು ಮನೆಗಳನ್ನು ಕಾಯುತ್ತಿದ್ದಿತು. ಈಗ ಗೋಡೆಯನ್ನು ಮನೆಗಳಿಂದ ಕಾಯಬೇಕಾಗಿದೆ. ೧೯೫೮ರ ಪ್ರಾಚೀನ ಸ್ಮಾರಕಗಳ ಕಾನೂನಿಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತಲೂ ೧೦೦ ಮೀಟರಿನೊಳಗೆ ಹೊಸ ಕಟ್ಟಡವನ್ನು ಕಟ್ಟಕೂಡದು. ಅದರಾಚೆ ಇನ್ನೂ ೨೦೦ ಮೀಟರಿನವರೆಗೆ ಅಪ್ಪಣೆ ಪಡೆದೇ ಕಟ್ಟಬೇಕು. ಬೀದರದ ಕೋಟೆಯೂ, ೧೪೭೨ರಲ್ಲಿ ಕಟ್ಟಿಸಿದ ಮಹಮೂದ ಗವಾನನ ಮದರಸವೂ ಇಂತಹ ಸ್ಮಾರಕಗಳು. ಮದರಸವಾದರೋ ಹಳೆಯ ಪಟ್ಟಣದ ನಡುವೆಯೇ ಇರುವುದು. ಅದರ ನೆರೆಯಲ್ಲಿ ಖಾಲಿ ನಿವೇಶನವುಳ್ಳವನು ಪೇಟೆಯ ನಡುವೆ ಇದ್ದೂ ಕಟ್ಟಲಾರನು. ನೂರು ಮೀಟರಿನ ಗೆರೆಯಿಂದಾಚೆಯ ನೆರೆಯವನು ಕಟ್ಟಬಲ್ಲನು. ಸ್ಮಾರಕದ ಶೋಭೆಯು ಇಬ್ಬರಿಗೂ ಸಲ್ಲುವುದು. ಅದರ ವೆಚ್ಚವನ್ನು ಮಾತ್ರ ಒಬ್ಬನೇ ಹೊರುವನು.

೩. ಪೈಮಾಷಿಯ ಗೆರೆ

ಹಳ್ಳಿಯ ಎಲ್ಲೆಯ ಚರಿತ್ರೆಯು ಪಟ್ಟಣದ ಗೋಡೆಯ ಚರಿತ್ರೆಗಿಂತ ಬೇರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಸಾಲಾರಜಂಗನ ಸುಧಾರಣೆಗಳ ತರುವಾಯ, ಹೈದರಾಬಾದು ಸಂಸ್ಥಾನದ ಪಶ್ಚಿಮದ ಜಿಲ್ಲೆಗಳಲ್ಲಿ ಮುಂಬಯಿ ಪದ್ಧತಿಯನ್ನನುಸರಿಸಿ ಪೈಮಾಷಿ ನಡೆಯಿತು. ಹೊಲಹೊಲಕ್ಕೂ ಸರ್ವೆ ನಂಬರು ಬಿದ್ದಿತು. ಎಕರೆಗೆ ನಲವತ್ತು ಗುಂಟೆಯ ಲೆಕ್ಕವು ಬಂದಿತು. ಮಣ್ಣಿನ ಆಳವನ್ನೂ ಬಣ್ಣವನ್ನೂ ನೋಡಿ ಹದಿನಾರು ಆಣೆಗೆ ಇಷ್ಟು ಆಣೆಯೆಂದು ತರಗತಿಯನ್ನು ಗೊತ್ತುಮಾಡಿ, ಅದರಂತೆ ತೀರ್ವೆಯನ್ನು ಕಟ್ಟಿದರು. ನಡುವೆ ಜನರು ವಾಸವಾಗಿದ್ದ ‘ಗಾವಠಾಣ’ವು ಉಳುವ ನೆಲವಲ್ಲದ್ದರಿಂದ ಸಾಗುವಳಿಯ ತೀರ್ವೆಗೆ ಒಳಪಡಲಿಲ್ಲ. ಆದುದರಿಂದ ಅದರ ಸುತ್ತ ಒಂದೇ ಗೆರೆಯನ್ನೆಳೆದು, ಒಳಗಿನ ಮನೆಮನೆಯನ್ನೂ ಅಳೆಯುವ ಗೋಜಿಗೆ ಸಾಮಾನ್ಯವಾಗಿ ಹೋಗಲಿಲ್ಲ. ಇಷ್ಟು ಕಾಲ ಅಳತೆಯಾಗದೆ ಉಳಿದ ಈ ಒಳನೆಲವನ್ನು ಡ್ರೋನುಗಳ ಸಹಾಯದಿಂದ ಅಳೆದು ಮನೆಯೊಡೆಯರಿಗೆ ಹಕ್ಕುಪತ್ರ ಕೊಡುವ ‘ಸ್ವಾಮಿತ್ವ’ ಯೋಜನೆಯು ಹುಟ್ಟಿದುದು ೨೦೨೦ರಲ್ಲಿ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯಿದು: ಗಾವಠಾಣದ ಗೆರೆಯನ್ನೆಳೆದವರು ಊರು ಎಷ್ಟು ಬೆಳೆಯಬೇಕೆಂದು ಯೋಚಿಸಿದವರಲ್ಲ, ಬೊಕ್ಕಸಕ್ಕೆ ಎಲ್ಲಿಂದ ಹಣ ಬರಬೇಕೆಂದು ಯೋಚಿಸಿದವರು. ಆ ಗೆರೆಯನ್ನು ದಾಟಿ ಮನೆ ಕಟ್ಟಿದರೆ ಸರ್ಕಾರಕ್ಕೆ ತೀರ್ವೆಯ ಹೊಲವೊಂದು ಕಡಮೆಯಾಗುವುದು. ಆದುದರಿಂದಲೇ ಮುಂಬಯಿಯ ೧೮೭೯ರ ಭೂಕಂದಾಯ ಸಂಹಿತೆಯ ೬೫ನೆಯ ಕಲಮು, ಉಳುವ ನೆಲವನ್ನು ಬೇರೆ ಉಪಯೋಗಕ್ಕೆ ತರುವವನು ಕಲೆಕ್ಟರನ ಅಪ್ಪಣೆಯನ್ನು ಪಡೆಯಬೇಕೆಂದು ವಿಧಿಸಿತು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ನಡೆದುಬಂದ ಈ ತತ್ವವೇ ೧೯೬೪ರ ಭೂಕಂದಾಯ ಅಧಿನಿಯಮದ ೯೫ನೆಯ ಕಲಮಿನಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸಿತು. ಬೀದರ ಸೀಮೆಯ ರೈತನ ಬಾಯಲ್ಲಿ ಇದು ‘ಎನ್.ಎ. ಮಾಡಿಸುವುದು’ ಎಂಬ ಚುಟುಕು ಮಾತಾಗಿದೆ. ಕಂದಾಯಕ್ಕಾಗಿ ಹುಟ್ಟಿದ ಗೆರೆಯು ಹೀಗೆ, ಬೇರೆ ವಿಚಾರವಾವುದೂ ನಡೆಯದೆಯೇ, ಊರಿನ ಬೆಳವಣಿಗೆಯ ಎಲ್ಲೆಯಾಗಿ ಪರಿಣಮಿಸಿತು.

ಅಷ್ಟರೊಳಗೆ ನೆಲದೊಡೆಯನೂ ಬದಲಾಗಿದ್ದನು. ಕಲ್ಯಾಣವು ನಿಜಾಮನ ಕಾಲದಲ್ಲಿ ನವಾಬನೊಬ್ಬನ ಜಾಗೀರಾಗಿದ್ದಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದುವು. ೧೯೫೦ರ ಹೈದರಾಬಾದು ಗೇಣಿ ಕಾನೂನು ಒಕ್ಕಲಿಗೆ ರಕ್ಷಣೆಯನ್ನು ಕೊಟ್ಟಿತು. ೧೯೫೬ರ ನವೆಂಬರ ೧ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ೧೯೭೪ರಲ್ಲಿ ತಿದ್ದುಪಡಿಯಾದ ಭೂಸುಧಾರಣೆಯ ಕಾನೂನು ಉಳುವವನನ್ನೇ ಒಡೆಯನನ್ನಾಗಿ ಮಾಡಲು ಹೊರಟಿತು. ಆದುದರಿಂದ ಊರೆಲ್ಲೆಯ ಹೊರಗಿನ ನೆಲದೊಡೆಯನೆಂದರೆ ದೊಡ್ಡ ಜಮೀನುದಾರನೆಂದೇ ತಿಳಿಯಕೂಡದು. ತಂದೆಯ ಕಾಲದಲ್ಲಿ ಗೇಣಿಗೆ ಉತ್ತು, ತನ್ನ ಕಾಲದಲ್ಲಿ ಪಹಣಿಯಲ್ಲಿ ಹೆಸರು ಕಂಡ ಎರಡು ಮೂರು ಎಕರೆಯ ಒಕ್ಕಲಿಗನೂ ಅವನಾಗಿರಬಹುದು. ಮಗಳ ಮದುವೆಗೂ ಮನೆಯವರ ಕಾಯಿಲೆಗೂ ಮಳೆ ತಪ್ಪಿದ ವರ್ಷದ ಸಾಲಕ್ಕೂ ಅವನಿಗಿರುವ ಆಧಾರವು ಆ ನೆಲವೊಂದೇ.

೪. ಯೋಜನೆಯ ಗೆರೆ

ಬೀದರ ಸೀಮೆಯಲ್ಲಿ ಸಣ್ಣ ಪ್ರಮಾಣದಲ್ಲಿ ಕಾಣುವುದು ಬೆಂಗಳೂರಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿರುವುದರಿಂದ ಆ ನಗರದ ಅನುಭವವನ್ನು ಸಂಗ್ರಹವಾಗಿ ಹೇಳುವುದು ಯುಕ್ತ. ಅಲ್ಲಿ ಕೆಂಪೇಗೌಡನ ಹೆಸರಿನ ನಾಲ್ಕು ಗೋಪುರಗಳು ಊರು ಬೆಳೆಯಬಹುದಾದ ಎಲ್ಲೆಯನ್ನು ಸೂಚಿಸುವುವೆಂಬ ಪ್ರತೀತಿಯುಂಟು. ಊರು ಅವುಗಳನ್ನು ದಾಟಿ ಬಹುಕಾಲವಾಯಿತು. ೧೯೪೫ರಲ್ಲಿ ನಗರಾಭಿವೃದ್ಧಿಯ ವಿಶ್ವಸ್ತ ಮಂಡಲಿಯೂ, ೧೯೬೧ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾನೂನೂ, ೧೯೭೬ರಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ಏರ್ಪಟ್ಟುವು. ೧೯೮೪ರ ಸಮಗ್ರ ಯೋಜನೆಯಲ್ಲಿ ಸುಮಾರು ೧,೨೭೯ ಚದರ ಕಿಲೋಮೀಟರಿನ ಪ್ರದೇಶವನ್ನು ಎರಡು ಪಾಲುಮಾಡಿ, ಸುಮಾರು ೪೩೯ ಚದರ ಕಿಲೋಮೀಟರನ್ನು ನಗರದ ಬೆಳವಣಿಗೆಗೂ, ಸುತ್ತಣ ಸುಮಾರು ೮೪೦ ಚದರ ಕಿಲೋಮೀಟರನ್ನು ‘ಹಸಿರು ಪಟ್ಟಿ’ಗೂ ಬಿಟ್ಟರು. ಪಟ್ಟಿಯೊಳಗಿನ ನೆಲವು ಬೇಸಾಯಕ್ಕೇ ಮೀಸಲು. ಇದೇ ಮೊದಲಾಗಿ ಊರೆಲ್ಲೆಯು ಬೆಳವಣಿಗೆಯನ್ನು ತಡೆಯುವ ಉದ್ದೇಶದಿಂದಲೇ ದೊಡ್ಡ ಪ್ರಮಾಣದಲ್ಲಿ ಎಳೆದ ಗೆರೆಯಾಯಿತು.

ಆದರೆ ಗೆರೆಯು ನಿಲ್ಲಲಿಲ್ಲ. ೧೯೯೫ರ ಪರಿಷ್ಕರಣದಲ್ಲಿಯೂ ೨೦೦೭ರ ಪರಿಷ್ಕರಣದಲ್ಲಿಯೂ ನಗರದ ಪಾಲು ಹಿಗ್ಗಿ ಹಸಿರಿನ ಪಾಲು ಕುಗ್ಗಿತು. ಈ ನಡುವೆ ಪಟ್ಟಿಯ ರೈತರಲ್ಲಿ ಅನೇಕರು, ಎನ್.ಎ. ಅಪ್ಪಣೆಯು ದೊರೆಯದೆ, ಹೊಲವನ್ನು ತುಂಡುತುಂಡಾಗಿ ‘ರೆವಿನ್ಯೂ ನಿವೇಶನ’ಗಳಾಗಿ ಮಾರಿದರು. ಕೊಂಡವರು ಮುಖ್ತಿಯಾರುನಾಮೆಯ ಕಾಗದವನ್ನೇ ನೆಚ್ಚಿ ಮನೆ ಕಟ್ಟಿಕೊಂಡರು. ಅಂತಹ ಕಾಗದದಿಂದ ಒಡೆತನವು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ತೀರ್ಪಿತ್ತಿತು. ಅಪ್ಪಣೆಯಿಲ್ಲದ ನಿವೇಶನವು ಅಪ್ಪಣೆಯಾದುದಕ್ಕಿಂತ ಅಗ್ಗ. ರೈತನಿಗೆ ಬಂದುದು ಆ ಅಗ್ಗದ ಬೆಲೆಯಲ್ಲಿಯೂ ಒಂದು ಪಾಲು. ಗೆರೆಯು ಮನೆಗಳನ್ನು ತಡೆಯಲಾರದೆ ಹೋದರೂ, ಮಾರುವವನ ಕೈಯನ್ನು ದುರ್ಬಲಗೊಳಿಸದೆ ಬಿಡಲಿಲ್ಲ.

೫. ಬೆಲೆಯ ಲೆಕ್ಕ

ಬೆಲೆಯು ಹೇಗೆ ಹುಟ್ಟುವುದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಎಕರೆಯೆಂದರೆ ೪೩,೫೬೦ ಚದರ ಅಡಿ. ರಸ್ತೆ, ಉದ್ಯಾನ, ಸಾರ್ವಜನಿಕ ಉಪಯೋಗಗಳಿಗೆ ಬಿಟ್ಟು ನೂರಕ್ಕೆ ೫೫ ಪಾಲು ನಿವೇಶನಕ್ಕೆ ಉಳಿಯಿತೆಂದಿಟ್ಟುಕೊಂಡರೆ, ೩೦ ಅಡಿಗೆ ೪೦ ಅಡಿಯಂತೆ ಸುಮಾರು ಇಪ್ಪತ್ತು ನಿವೇಶನಗಳಾಗುವುವು. ಎಕರೆಯ ಜೋಳದ ಹೊಲಕ್ಕೆ ಕೊಳ್ಳುವವನು ಸುಗ್ಗಿಯ ಹುಟ್ಟುವಳಿಯನ್ನು ನೋಡಿ ಬೆಲೆಕಟ್ಟುವನು. ನಿವೇಶನಕ್ಕೆ ಕೊಳ್ಳುವವನು ಪೇಟೆಯ ದೂರವನ್ನು ನೋಡಿ ಬೆಲೆಕಟ್ಟುವನು. ೧೮೨೬ರಲ್ಲಿಯೇ ಜರ್ಮನಿಯ ಥೂನೆನ್ ಎಂಬ ಜಮೀನುದಾರ ಪಂಡಿತನು, ಪೇಟೆಯಿಂದ ಇರುವ ದೂರವೇ ನೆಲದ ಹುಟ್ಟುವಳಿಯ ಬೆಲೆಯನ್ನು ಗೊತ್ತುಮಾಡುವುದೆಂದು ತೋರಿಸಿದ್ದನು. ಈ ಎರಡು ಬೆಲೆಗಳ ಅಂತರದಲ್ಲಿ ರೈತನ ಬೆವರಿನ ಪಾಲು ಸ್ವಲ್ಪವೂ ಇಲ್ಲ. ಸರ್ಕಾರದ ರಸ್ತೆಯೂ ರೈಲೂ ಊರಿನ ಜನಸಂಖ್ಯೆಯೂ ಅದನ್ನು ಹುಟ್ಟಿಸಿದುವು. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯು ಹುಮನಾಬಾದವನ್ನು ಹಾದುಹೋಗುವುದು. ಬೀದರ ಕಲಬುರಗಿಗಳ ನಡುವಣ ರೈಲುದಾರಿಯು ೨೦೧೭ರಲ್ಲಿ ಆ ಊರಿನ ಮೂಲಕವೇ ಪೂರ್ಣವಾಯಿತು. ಇಂತಹ ಕೆಲಸಗಳ ಮಗ್ಗುಲಲ್ಲಿರುವ ಹೊಲಕ್ಕೆ ನಾಳೆಯ ನಿರೀಕ್ಷೆಯಿಂದಲೇ ಒಂದು ಬೆಲೆ ಬರುವುದು.

ಇಂಗ್ಲೆಂಡಿನಲ್ಲಿ ೧೯೪೨ರಲ್ಲಿ ವರದಿಯೊಪ್ಪಿಸಿದ ಉತ್ವಾಟ್ ಸಮಿತಿಯು ಇದಕ್ಕೆ ‘ತೇಲುವ ಬೆಲೆ’ಯೆಂಬರ್ಥದ ಹೆಸರನ್ನು ಕೊಟ್ಟಿತು. ಊರಿನ ಸುತ್ತ ನೂರು ಹೊಲಗಳಿದ್ದು, ಮುಂದಿನ ಹತ್ತು ವರ್ಷಗಳಲ್ಲಿ ಹತ್ತು ಹೊಲಗಳಷ್ಟೇ ಮನೆಗಳಿಗೆ ಬೇಕಾದರೂ ನೂರು ಮಂದಿಯೂ ಆ ಬೆಲೆಯನ್ನು ನಿರೀಕ್ಷಿಸುವರು. ಎಲ್ಲೆಯನ್ನು ಹಾಕಿದ ಕೂಡಲೆ ತೇಲುತ್ತಿದ್ದ ಬೆಲೆಯು ನಾಶವಾಗುವುದಿಲ್ಲ. ಹೊರಗಿನ ಹೊಲಗಳಿಂದ ಸರಿದು ಒಳಗಿನ ಹೊಲಗಳ ಮೇಲೆ ನೆಲೆಯೂರುವುದು. ಹೊರಗಿನವನ ನಷ್ಟವೂ ಒಳಗಿನವನ ಲಾಭವೂ ಒಂದೇ ಗೆರೆಯ ಎರಡು ಮಗ್ಗುಲುಗಳು. ಒಳಗಿನವನಿಂದ ಏನನ್ನೂ ಕೇಳದೆ, ಹೊರಗಿನವನಿಗೆ ಏನನ್ನೂ ಕೊಡದೆ ಇರುವ ಪದ್ಧತಿಯನ್ನು ನಿಷ್ಪಕ್ಷಪಾತವೆಂದು ಹೇಳಲಾಗದು.

ಇನ್ನೂ ಒಂದು ಸೂಕ್ಷ್ಮವಿದೆ. ಭೂಸ್ವಾಧೀನದ ೨೦೧೩ರ ಕಾನೂನು ೧೮೯೪ರ ಹಳೆಯ ಕಾನೂನಿಗಿಂತ ಉದಾರವಾದುದು. ಅದರಂತೆ ಹಿಂದಿನ ಮೂರು ವರ್ಷಗಳಲ್ಲಿ ನೆರೆಯಲ್ಲಿ ನೋಂದಣಿಯಾದ ಕ್ರಯಪತ್ರಗಳನ್ನು ನೋಡಿ ಮಾರುಕಟ್ಟೆಯ ಬೆಲೆಯನ್ನು ಗೊತ್ತುಮಾಡುವರು. ಗ್ರಾಮಾಂತರದಲ್ಲಿ ಅದನ್ನು ಎರಡರವರೆಗೆ ಗುಣಿಸಬಹುದು. ಅದರ ಮೇಲೆ ನೂರಕ್ಕೆ ನೂರರಷ್ಟು ಸಾಂತ್ವನಧನವೂ ಉಂಟು. ಆದರೆ ಎಲ್ಲೆಯ ಹೊರಗಿನ ಕ್ರಯಪತ್ರಗಳಲ್ಲಿರುವುದು ಎಲ್ಲೆಯಿಂದಲೇ ತಗ್ಗಿದ ಬೆಲೆ. ಸರ್ಕಾರದ ಗೆರೆಯು ಮೊದಲು ಬೆಲೆಯನ್ನು ತಗ್ಗಿಸುವುದು. ಆ ತಗ್ಗಿದ ಬೆಲೆಯೇ ಪರಿಹಾರದ ಅಡಿಪಾಯವಾಗುವುದು. ಗುಣಾಕಾರವೆಷ್ಟಾದರೂ ಗುಣಿಸುವ ಅಂಕವು ಸಣ್ಣದಾಗಿದ್ದರೆ ಫಲವೂ ಸಣ್ಣದೇ.

ಕೊಳ್ಳುವವರ ಮೇಲೆಯೂ ಹಿಂದೆ ನಿರ್ಬಂಧವಿದ್ದಿತು. ಭೂಸುಧಾರಣೆಯ ಕಾನೂನಿನ ೭೯ಎ, ೭೯ಬಿ ಕಲಮುಗಳು ಬೇಸಾಯಗಾರರಲ್ಲದವರು ಹೊಲ ಕೊಳ್ಳುವುದನ್ನು ತಡೆಯುತ್ತಿದ್ದುವು. ೨೦೨೦ರಲ್ಲಿ ಅವುಗಳನ್ನು ತೆಗೆದುಹಾಕಿದರು. ಇದರಿಂದ ರೈತನ ಹೊಲಕ್ಕೆ ಗಿರಾಕಿಗಳು ಹೆಚ್ಚುವರೆಂಬುದು ಒಂದು ಪಕ್ಷ. ಗೆರೆಯು ಮುಂದೆ ಸರಿಯುವವರೆಗೆ ಕಾಯಬಲ್ಲ ಹಣವಂತನು ಇಂದೇ ಕೊಂಡಿಟ್ಟುಕೊಳ್ಳುವನೆಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ನಿಜವಿದೆ. ಗೆರೆಯು ಸರಿದಾಗ ಬರುವ ಲಾಭವು ಅಂದು ಒಡೆಯನಾಗಿರುವವನದು. ಕಷ್ಟಕಾಲದಲ್ಲಿ ಮೊದಲೇ ಮಾರಿದವನದಲ್ಲ.

೬. ಹೊರನಾಡುಗಳ ಅನುಭವ

ಈ ತೊಡಕು ಕನ್ನಡನಾಡೊಂದರದೇ ಅಲ್ಲ. ಇಂಗ್ಲೆಂಡಿನ ಎಲಿಜಬೆತ್ ರಾಣಿಯು ೧೫೮೦ರಲ್ಲಿಯೇ ಲಂಡನ್ನಿನ ಬಾಗಿಲುಗಳಿಂದ ಮೂರು ಮೈಲಿಯೊಳಗೆ ಹೊಸ ಮನೆಗಳನ್ನು ಕಟ್ಟಕೂಡದೆಂದು ಆಜ್ಞೆಮಾಡಿದ್ದಳು. ಊರು ಆಜ್ಞೆಯನ್ನು ಮೀರಿ ಬೆಳೆಯಿತು. ಅದೇ ದೇಶವು ೧೯೪೭ರಲ್ಲಿ ಧೈರ್ಯದ ಹೆಜ್ಜೆಯೊಂದನ್ನಿಟ್ಟಿತು: ನೆಲವು ಒಡೆಯನದಾದರೂ ಅದನ್ನು ಅಭಿವೃದ್ಧಿಪಡಿಸುವ ಹಕ್ಕು ಸಮಾಜದ್ದೆಂದು ಸಾರಿ, ನಷ್ಟಪಟ್ಟವರಿಗಾಗಿ ೩೦ ಕೋಟಿ ಪೌಂಡುಗಳ ನಿಧಿಯನ್ನಿಟ್ಟು, ಅಪ್ಪಣೆಯಿಂದ ಏರಿದ ಬೆಲೆಯಷ್ಟನ್ನೂ ಸರ್ಕಾರಕ್ಕೆ ಸಲ್ಲಿಸಬೇಕೆಂದು ವಿಧಿಸಿತು. ಏರಿಕೆಯೆಲ್ಲವೂ ಸರ್ಕಾರದ ಪಾಲಾದುದರಿಂದ ಮಾರುವ ಉತ್ಸಾಹವೇ ಕುಂದಿತು. ೧೯೫೩ರಲ್ಲಿ ಆ ಸುಂಕವನ್ನು ರದ್ದುಪಡಿಸಿದರು.

ದಕ್ಷಿಣ ಕೊರಿಯದ ಸಿಯೋಲ್ ನಗರದ ಸುತ್ತ ೧೯೭೧ರಲ್ಲಿ ಹಸಿರು ಪಟ್ಟಿಯನ್ನು ಹಾಕಿದರು. ೧೯೯೮ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು, ಪಟ್ಟಿಯನ್ನು ಹಾಕುವುದು ತಪ್ಪಲ್ಲವೆಂದೂ, ಹಿಂದಿನ ಉಪಯೋಗಕ್ಕೂ ನೆಲವು ಬಾರದಂತಾದವನಿಗೆ ಪರಿಹಾರವಿಲ್ಲದಿರುವುದು ಮಾತ್ರ ತಪ್ಪೆಂದೂ ನಿರ್ಣಯಿಸಿತು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ೧೯೭೩ರ ಕಾನೂನಿನಂತೆ ಪೋರ್ಟ್‌ಲೆಂಡ್ ನಗರಕ್ಕೆ ೧೯೭೯ರಲ್ಲಿ ಬೆಳವಣಿಗೆಯ ಎಲ್ಲೆ ಗೊತ್ತಾಯಿತು. ೨೦೦೪ರಲ್ಲಿ ಅಲ್ಲಿನ ಮತದಾರರು, ನಷ್ಟಪಟ್ಟ ಹಳೆಯ ಒಡೆಯರಿಗೆ ಪರಿಹಾರ ಕೊಡಬೇಕು, ಇಲ್ಲವೆ ನಿರ್ಬಂಧವನ್ನು ಬಿಡಬೇಕು ಎಂದು ತೀರ್ಮಾನಿಸಿದರು. ಅದರಿಂದ ಹೊಲಗಳಲ್ಲೆಲ್ಲ ಮನೆಗಳೇಳುವ ಭಯವು ತೋರಲು, ೨೦೦೭ರಲ್ಲಿ ಅವರೇ ಅದನ್ನು ಬಹಳಮಟ್ಟಿಗೆ ಮೊಟಕುಮಾಡಿದರು. ಎಲ್ಲವನ್ನೂ ಕೊಡುವುದೂ ನಡೆಯಲಿಲ್ಲ, ಏನನ್ನೂ ಕೊಡದಿರುವುದೂ ನಡೆಯಲಿಲ್ಲ.

೭. ಉಪಸಂಹಾರ

ಮೇಲಣ ವಿಚಾರದಿಂದ ಕೆಲವು ಸಂಗತಿಗಳು ಸ್ಪಷ್ಟವಾಗುವುವು. ಊರೆಲ್ಲೆಗೆ ಈ ಸೀಮೆಯಲ್ಲಿ ಕಾಲಕ್ಕೊಂದು ಉದ್ದೇಶವಿದ್ದಿತು: ಶಿಲಾಶಾಸನಗಳ ಕಾಲದಲ್ಲಿ ಹಕ್ಕು, ಬಹಮನಿಯರ ಕಾಲದಲ್ಲಿ ರಕ್ಷಣೆ, ಪೈಮಾಷಿಯ ಕಾಲದಲ್ಲಿ ಕಂದಾಯ, ಯೋಜನೆಗಳ ಕಾಲದಲ್ಲಿ ಬೆಳವಣಿಗೆಯ ನಿಯಂತ್ರಣ. ಹುಮನಾಬಾದ ತಾಲ್ಲೂಕಿನ ಹಳ್ಳಿಗಳಲ್ಲಿ ಈಗ ಕೆಲಸಮಾಡುತ್ತಿರುವ ಗೆರೆಯು ಮೂರನೆಯ ಉದ್ದೇಶದಿಂದ ಹುಟ್ಟಿ ನಾಲ್ಕನೆಯದಕ್ಕೆ ಉಪಯೋಗವಾಗುತ್ತಿರುವುದು. ನೆಲದೊಡೆಯನಿಗೆ ಆಗುವ ತೊಂದರೆಯ ಮೂಲವು ಇಲ್ಲಿದೆ. ಕಂದಾಯದ ಗೆರೆಗೆ ಪರಿಹಾರದ ಪ್ರಶ್ನೆಯೇ ಏಳುತ್ತಿರಲಿಲ್ಲ. ಏಕೆಂದರೆ ಅದನ್ನು ಎಳೆದ ದಿನ ಗೆರೆಯ ಎರಡು ಕಡೆಯ ನೆಲಕ್ಕೂ ಬೆಲೆಯಲ್ಲಿ ಇಂದಿನ ಅಂತರವಿರಲಿಲ್ಲ. ಅಂತರವು ಬೆಳೆದ ಮೇಲೆಯೂ ಹಳೆಯ ಮೌನವೇ ಮುಂದುವರಿಯಿತು.

ಎಲ್ಲೆಯನ್ನು ಅಳಿಸಿಬಿಡುವುದು ಇದಕ್ಕೆ ಪರಿಹಾರವಲ್ಲ. ಕಪ್ಪು ನೆಲವು ಒಮ್ಮೆ ಮನೆಗಳ ಕೆಳಗೆ ಹೋದರೆ ಮತ್ತೆ ಹೊಲವಾಗದು. ನೌಬಾದದ ಸುರಂಗವು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ. ಆದರೆ ಎಲ್ಲೆಯು ಎಲ್ಲಿದೆ, ಏತಕ್ಕಾಗಿ ಇದೆ, ಯಾವಾಗ ಅದನ್ನು ಪುನಃ ವಿಚಾರಮಾಡುವರು ಎಂಬುದು ರೈತನಿ​ಗೆ ಮೊದಲೇ ತಿಳಿದಿರಬೇಕು. ಗೆರೆಯು ಸರಿಯುವ ಸುದ್ದಿಯು ಕೊಳ್ಳುವವನಿಗೆ ಮೊದಲು, ಮಾರುವವನಿಗೆ ಆಮೇಲೆ ತಲಪುವಂತೆ ಇರಕೂಡದು. ಒಳಗಿನವನಿಗೆ ಏರಿದ ಬೆಲೆಯಲ್ಲಿ ಒಂದು ಮಿತವಾದ ಪಾಲನ್ನು ಪಡೆದು, ಹೊರಗಿನವನ ಹೊಲಕ್ಕೆ ನೀರನ್ನೂ ದಾರಿಯನ್ನೂ ಒದಗಿಸುವುದಕ್ಕೆ ವಿನಿಯೋಗಿಸುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಚಾಲುಕ್ಯರ ಕಾಲದ ದಾನಿಗಳು ದೇವರಿಗಾಗಿ ನೆಲವನ್ನು ಬಿಟ್ಟಾಗ ಯಾರು ಬಿಟ್ಟರು, ಎಷ್ಟು ಬಿಟ್ಟರು, ಮೇರೆಯೆಲ್ಲಿ ಎಂಬುದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆಯಿಸಿದರು. ಊರಿನ ಹಿತಕ್ಕಾಗಿ ತನ್ನ ಹೊಲವನ್ನು ಹೊಲವಾಗಿಯೇ ಉಳಿಸಿಕೊಂಡಿರುವ ದುಬಲಗುಂಡಿಯ ಒಕ್ಕಲಿಗನು ಬಿಟ್ಟುದು ಎಷ್ಟೆಂಬುದು ಇನ್ನೂ ಯಾವ ದಫ್ತರದಲ್ಲಿಯೂ ಬರೆಯಲ್ಪಟ್ಟಿಲ್ಲ.